ತವರಿನ ಹೊಲದಲ್ಲಿ ನಿಮ್ಮ ಪಾಲು: ದಾವೆ ಹೂಡುವ ಮುನ್ನ

"ಅಣ್ಣನ ಮ್ಯಾಲೆ ಕೇಸ್ ಹಾಕಬೇಕಾ? ಮುಂದ ಪಂಚಮಿಗಿ ಕರಿಲಾಕ ಯಾರ್ ಬರ್ತಾರ?"

ಮದುವೆಯಾಗಿ ಕಲಬುರಗಿಗೆ ಬಂದು, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತವರಿನ ತೊಗರಿ ಹೊಲದ ಮಾತು ಬಂದಾಗ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ಇದೇ. ಕಾನೂನಿನ ಪ್ರಶ್ನೆ ಆಮೇಲೆ.

ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯ ಹಕ್ಕು ಈಗ ಸ್ಪಷ್ಟ. ಕರ್ನಾಟಕದ 1994ರ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೂ ಮುಂಚೆ ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟಿನ ಡಿಕ್ರಿಯಿಂದ ಪಾಲಾಗಿದ್ದರೆ ಅದನ್ನು ಕೆದಕಲು ಬರುವುದಿಲ್ಲ. ತಂದೆ ಸ್ವಂತ ದುಡಿದು ಕೊಂಡ ಹೊಲವನ್ನು ಉಯಿಲು ಬರೆದು ಯಾರಿಗಾದರೂ ಕೊಡಬಹುದು.

ನಿಜವಾದ ಅಪಾಯ ಕೋರ್ಟಿನಲ್ಲಿಲ್ಲ, "ಸುಮ್ನೆ ಒಂದು ಸಹಿ ಮಾಡವ್ವ" ಎನ್ನುವ ಮಾತಿನಲ್ಲಿದೆ. ಅದು ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಓದಿಸಿ ಕೇಳದೆ ಸಹಿ ಬೇಡ. ಮೋಸದಿಂದ ಬರೆಸಿಕೊಂಡಿದ್ದರೆ, ಅದು ಗೊತ್ತಾದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹೂಡಬೇಕು.

ನೀವು ಕಲಬುರಗಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ದಾವೆ ಹೂಡುವುದು ಹೊಲ ಇರುವ ಜಾಗದ ಸಿವಿಲ್ ಕೋರ್ಟಿನಲ್ಲಿ. ಸ್ವಲ್ಪ ಹೊಲ ಆಳಂದದಲ್ಲಿ, ಸ್ವಲ್ಪ ಅಫಜಲಪುರದಲ್ಲಿದ್ದರೆ ಎರಡೆರಡು ಕೇಸು ಬೇಕಿಲ್ಲ, ಯಾವುದಾದರೂ ಒಂದು ಕಡೆ ಸಾಕು. ಪಹಣಿ, ಮ್ಯುಟೇಶನ್ ನಕಲು, ವಂಶವೃಕ್ಷ, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ಮೊದಲೇ ತೆಗೆಸಿಡಿ. ಕುಟುಂಬದ ಎಲ್ಲ ಆಸ್ತಿಯನ್ನೂ ದಾವೆಯಲ್ಲಿ ತೋರಿಸಬೇಕು. ಅಕ್ಕತಂಗಿಯರೂ ಸೇರಿ ಪಾಲುದಾರರೆಲ್ಲರನ್ನೂ ಪಕ್ಷಗಾರರನ್ನಾಗಿ ಮಾಡಬೇಕು. ಒಬ್ಬರನ್ನು ಬಿಟ್ಟರೂ ಅದೇ ನೆಪವಾಗಿ ಕೇಸು ಎಳೆಯುತ್ತದೆ. ಅಣ್ಣ ಹೊಲ ಮಾರುವ ಸೂಚನೆ ಇದ್ದರೆ ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ.

ಹೊಲದ ಜಂಟಿ ಸ್ವಾಧೀನದಲ್ಲಿ ನೀವೂ ಇದ್ದೀರೆಂದಾದರೆ ಕೋರ್ಟ್ ಶುಲ್ಕ ಅಲ್ಪ. ನಿಮ್ಮನ್ನು ಹೊರಗಿಟ್ಟಿದ್ದರೆ ನಿಮ್ಮ ಪಾಲಿನ ಬೆಲೆಯ ಮೇಲೆ ಲೆಕ್ಕ. ಹಾಗಾಗಿ ದಾವಾ ಅರ್ಜಿಯ ಒಂದೊಂದು ಸಾಲನ್ನೂ ವಕೀಲರ ಹತ್ತಿರ ಕೂತು ಓದಿಸಿಕೊಳ್ಳಿ. ವಕೀಲರ ಫೀಸಿಗೆ ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರ ನೆರವು ಇದೆ, ಗಂಡನ ಆದಾಯ ಎಷ್ಟೇ ಇರಲಿ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ.

ಗೆದ್ದರೆ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ನಿಮ್ಮ ಪಾಲು ಎಷ್ಟು ಎಂದಷ್ಟೇ ಅದು ಹೇಳುತ್ತದೆ. ಎಷ್ಟೋ ಮಂದಿ ಅಲ್ಲಿಗೇ ಸಿಹಿ ಹಂಚಿ ಸುಮ್ಮನಾಗುತ್ತಾರೆ! ಹೊಲ ಅಳೆದು, ಕಲ್ಲು ನೆಟ್ಟು, ಸ್ವಾಧೀನ ಸಿಗಬೇಕಾದರೆ ಅಂತಿಮ ಡಿಕ್ರಿಯ ನಡಾವಳಿ ನಡೆಯಬೇಕು. ಇದಕ್ಕೆಲ್ಲ ವರ್ಷಗಟ್ಟಲೆ ಹಿಡಿಯುತ್ತದೆ.

ಮತ್ತೆ ಪಂಚಮಿಯ ಮಾತು. ಕೇಸು ಹಾಕಿದ ಮೇಲೂ ಲೋಕ ಅದಾಲತ್‌ನಲ್ಲಿ ಅಣ್ಣತಂಗಿ ಎದುರುಬದುರು ಕೂತು ರಾಜಿಯಾಗಬಹುದು. ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.