ಸಿಂಕ್ರೊಟ್ರಾನ್ ವಿಕಿರಣ

ಸಿಂಕ್ರೊಟ್ರಾನ್ ವಿಕಿರಣವು ಬೆಳಕಿನ ವೇಗಕ್ಕೆ ಅತಿ ಸಮೀಪದ ವೇಗದಲ್ಲಿ ಚಲಿಸುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಬಾಗುವಾಗ ಹೊಮ್ಮಿಸುವ ವಿದ್ಯುತ್ಕಾಂತೀಯ ವಿಕಿರಣವಾಗಿದೆ. ಅವಕೆಂಪು ಕಿರಣಗಳಿಂದ ಕ್ಷ-ಕಿರಣಗಳವರೆಗೆ ಇದರ ವ್ಯಾಪ್ತಿಯಿದೆ. ವಸ್ತುಗಳ ಪರಮಾಣು ರಚನೆಯನ್ನು ಅರಿಯಲು ಬಳಸುವ ವಿಕಿರಣ ಆಕರಗಳಲ್ಲಿ ಇದು ಪ್ರಮುಖವಾದುದು.

ಇತಿಹಾಸ

1895ರಲ್ಲಿ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಸ್ಫಟಿಕಗಳು ಈ ಕಿರಣಗಳನ್ನು ವಿವರ್ತಿಸುತ್ತವೆ ಎಂಬುದು 1912ರಲ್ಲಿ ಲಾವೆಯ ಸಲಹೆಯಂತೆ ನಡೆದ ಪ್ರಯೋಗದಿಂದ ಸಿದ್ಧವಾಯಿತು. ಅಂದಿನಿಂದ ಕ್ಷ-ಕಿರಣ ನಳಿಕೆಯು ಪ್ರಯೋಗಾಲಯಗಳ ಮುಖ್ಯ ಸಾಧನವಾಯಿತು. ಆದರೆ ನಳಿಕೆಯಲ್ಲಿ ಲೋಹದ ಗುರಿಗೆ ಬಡಿಯುವ ಎಲೆಕ್ಟ್ರಾನುಗಳ ಶಕ್ತಿಯ ಬಹುಪಾಲು ಶಾಖವಾಗಿ ವ್ಯಯವಾಗುವುದರಿಂದ ಅದರ ಪ್ರಖರತೆಗೆ ಮಿತಿಯಿದೆ.

1947ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯಲ್ಲಿ, ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ 70 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಸಿಂಕ್ರೊಟ್ರಾನಿನಲ್ಲಿ ಈ ವಿಕಿರಣವು ಮೊದಲ ಬಾರಿಗೆ ಕಣ್ಣಿಗೆ ಕಂಡಿತು. ಯಂತ್ರದ ನಿರ್ವಾತ ಕೊಳವೆ ಪಾರದರ್ಶಕವಾಗಿದ್ದುದೇ ಇದಕ್ಕೆ ಕಾರಣ. ಕಣಭೌತವಿಜ್ಞಾನಿಗಳಿಗೆ ಇದು ಶಕ್ತಿನಷ್ಟವಾಗಿತ್ತು. ವಸ್ತುವಿಜ್ಞಾನಿಗಳಿಗೆ ಅದೇ ನಷ್ಟವು ಪ್ರಖರವಾದ ಬೆಳಕಿನ ಆಕರವಾಯಿತು. ಆರಂಭದಲ್ಲಿ ಕಣಭೌತವಿಜ್ಞಾನದ ಯಂತ್ರಗಳಿಂದಲೇ ಇದನ್ನು ಪಡೆಯಲಾಗುತ್ತಿತ್ತು. ಮುಂದೆ ಇದಕ್ಕಾಗಿಯೇ ಸಂಗ್ರಹ ಉಂಗುರಗಳು ನಿರ್ಮಾಣವಾದವು.

ಉತ್ಪಾದನೆ

ಎಲೆಕ್ಟ್ರಾನುಗಳನ್ನು ವೇಗವರ್ಧಕದಲ್ಲಿ ಸಿದ್ಧಪಡಿಸಿ ನಿರ್ವಾತವಿರುವ ಉಂಗುರಕ್ಕೆ ಬಿಡಲಾಗುತ್ತದೆ. ಉಂಗುರದ ತಿರುವುಗಳಲ್ಲಿರುವ ಕಾಂತಗಳು ಅವುಗಳನ್ನು ಬಾಗಿಸುತ್ತವೆ. ನೇರ ಭಾಗಗಳಲ್ಲಿ ಉತ್ತರ-ದಕ್ಷಿಣ ಧ್ರುವಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿದ 'ಅಂಡ್ಯುಲೇಟರ್' ಸಾಧನವು ಎಲೆಕ್ಟ್ರಾನುಗಳನ್ನು ಅಲೆಯಂತೆ ಓಲಾಡಿಸಿ ಇನ್ನೂ ಪ್ರಖರವಾದ ಕಿರಣವನ್ನು ನೀಡುತ್ತದೆ. ಕಿರಣವು ಉಂಗುರದ ಸ್ಪರ್ಶರೇಖೆಯ ದಿಕ್ಕಿನಲ್ಲಿ ಹೊರಬಂದು 'ಬೀಮ್‌ಲೈನ್' ಎಂಬ ಪಥದ ಮೂಲಕ ಮಾದರಿಯನ್ನು ತಲುಪುತ್ತದೆ. ದಾರಿಯಲ್ಲಿ ಸಿಲಿಕಾನ್ ಸ್ಫಟಿಕಗಳು ಬೇಕಾದ ತರಂಗಾಂತರವನ್ನು ಮಾತ್ರ ಆರಿಸಿಕೊಡುತ್ತವೆ.

ಉಪಯೋಗಗಳು

ಘನವಸ್ತುವಿನಲ್ಲಿ ಪರಮಾಣುಗಳ ನಡುವಿನ ಅಂತರವು ಸುಮಾರು 0.1ರಿಂದ 0.3 ನ್ಯಾನೊಮೀಟರ್. ಕ್ಷ-ಕಿರಣಗಳ ತರಂಗಾಂತರವೂ ಇದೇ ಪ್ರಮಾಣದ್ದಾದ್ದರಿಂದ ವಿವರ್ತನೆಯ ವಿನ್ಯಾಸದಿಂದ ಪರಮಾಣುಗಳ ಸ್ಥಾನವನ್ನು ಗಣಿಸಬಹುದು. ಕಿರಣವು ಪ್ರಖರವಾಗಿದ್ದಷ್ಟೂ ಸಣ್ಣ ಮಾದರಿ ಮತ್ತು ಕಡಿಮೆ ಸಮಯ ಸಾಕಾಗುತ್ತದೆ. 2009ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಪಡೆದ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್ ಮತ್ತು ಅದಾ ಯೋನತ್ ಅವರು ರೈಬೊಸೋಮಿನ ರಚನೆಯನ್ನು ಬಿಡಿಸಿದ್ದು ಈ ವಿಕಿರಣದ ನೆರವಿನಿಂದ. ಒರೆಸಿ ಮತ್ತೆ ಬರೆಯಲಾಗಿದ್ದ ಆರ್ಕಿಮಿಡೀಸನ ಚರ್ಮದ ಹಸ್ತಪ್ರತಿಯಲ್ಲಿ ಹಳೆಯ ಶಾಯಿಯ ಕಬ್ಬಿಣದ ಅಂಶವನ್ನು ಗುರುತಿಸಿ ಮೂಲ ಅಕ್ಷರಗಳನ್ನು ಓದಲೂ ಇದು ನೆರವಾಯಿತು.

ಭಾರತದಲ್ಲಿ

ಇಂದೋರಿನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿ ಇಂಡಸ್-1 ಮತ್ತು ಇಂಡಸ್-2 ಎಂಬ ಎರಡು ಉಂಗುರಗಳಿವೆ. ಕೇಂದ್ರಕ್ಕೆ ಕರ್ನಾಟಕ ಮೂಲದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರನ್ನಿಡಲಾಗಿದೆ. ಇಂಡಸ್-1ರ ಎಲೆಕ್ಟ್ರಾನ್ ಶಕ್ತಿ 450 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಇಂಡಸ್-2ರ ಶಕ್ತಿ 2.5 ಗಿಗಾ ಎಲೆಕ್ಟ್ರಾನ್‌ವೋಲ್ಟ್, ಸುತ್ತಳತೆ ಸುಮಾರು 172 ಮೀಟರ್. ಮೊದಲನೆಯದು ನೇರಳಾತೀತ ಮತ್ತು ಮೃದು ಕ್ಷ-ಕಿರಣಗಳಿಗೆ, ಎರಡನೆಯದು ಮುಖ್ಯವಾಗಿ ಹೆಚ್ಚು ಶಕ್ತಿಯ ಕ್ಷ-ಕಿರಣಗಳಿಗೆ ಬಳಕೆಯಾಗುತ್ತದೆ.

ಮಿತಿಗಳು

ಪ್ರಖರ ಕಿರಣವು ಮಾದರಿಯನ್ನೇ ಹಾಳುಮಾಡಬಲ್ಲದು. ಆದ್ದರಿಂದ ಪ್ರೋಟೀನ್ ಸ್ಫಟಿಕಗಳನ್ನು ಸಾಮಾನ್ಯವಾಗಿ ಸುಮಾರು 100 ಕೆಲ್ವಿನ್‌ಗೆ ತಂಪುಗೊಳಿಸಲಾಗುತ್ತದೆ. ಕ್ಷ-ಕಿರಣಗಳನ್ನು ಚದುರಿಸುವುದು ಎಲೆಕ್ಟ್ರಾನುಗಳಾದ್ದರಿಂದ, ಒಂದೇ ಎಲೆಕ್ಟ್ರಾನುಳ್ಳ ಹೈಡ್ರೋಜನ್ ಇವುಗಳಿಗೆ ಸುಲಭವಾಗಿ ಗೋಚರಿಸದು. ಅಂತಹ ಅಧ್ಯಯನಕ್ಕೆ ಪರಮಾಣು ಬೀಜದಿಂದ ಚದುರುವ ನ್ಯೂಟ್ರಾನುಗಳು ಹೆಚ್ಚು ಸೂಕ್ತ. ಭಾರತದಲ್ಲಿ ಟ್ರಾಂಬೆಯ ಧ್ರುವ ರಿಯಾಕ್ಟರ್ ಅವುಗಳ ಪ್ರಮುಖ ಆಕರವಾಗಿದೆ.