ಪಟ್ಟು ಕಲಿಸಿದ ಮಣ್ಣು: ಗರಡಿಮನೆಯ ಸ್ಪರ್ಧೆ ಮತ್ತು ಕನ್ನಡ ನುಡಿ

ವಿದ್ವಾಂಸರೊಬ್ಬರ ಶಿಷ್ಯರನ್ನು ಸಭೆಗೆ ಪರಿಚಯಿಸುವಾಗ ‘ಇವರು ಇಂಥವರ ಗರಡಿಯಲ್ಲಿ ಪಳಗಿದವರು’ ಎನ್ನುವುದು ರೂಢಿ. ಚುನಾವಣೆಗೆ ನಿಂತವನು ‘ಅಖಾಡಕ್ಕೆ ಇಳಿದ’ನೆಂದು ಪತ್ರಿಕೆಗಳು ಬರೆಯುತ್ತವೆ. ವಾದದಲ್ಲಿ ಹಿಂದೆಗೆಯದವನು ‘ಪಟ್ಟು ಹಿಡಿ’ಯುತ್ತಾನೆ, ಗೆದ್ದವನು ಎದುರಾಳಿಗೆ ‘ಮಣ್ಣು ಮುಕ್ಕಿಸು’ತ್ತಾನೆ, ಸೋತರೂ ಸೋಲೊಪ್ಪದವನನ್ನು ಕಂಡು ಊರವರು ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂದು ನಗುತ್ತಾರೆ. ಈ ಐದು ಮಾತುಗಳೂ ಗರಡಿಮನೆಗೆ ಸೇರಿದವು. ಕನ್ನಡ ಐಚ್ಛಿಕ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇವನ್ನು ಬಳಸುತ್ತಾರೆ; ಆ ಮನೆಯ ಹೊಸ್ತಿಲನ್ನು ದಾಟಿದವರು ಮಾತ್ರ ಕಡಿಮೆ. ಊರಿನ ಗರಡಿಯಲ್ಲಾಗಲಿ, ಇಂದಿನ ಜಿಮ್ಮಿನಲ್ಲಾಗಲಿ ಜನರೆಲ್ಲ ಕೂಡಿ ನಡೆಸುವ ಶಕ್ತಿಸ್ಪರ್ಧೆಯಲ್ಲಿ ಪಾಲ್ಗೊಳ್ಳುವುದು ಮೈಗೆ ಹೇಗೋ ನುಡಿಗೂ ಹಾಗೆಯೇ ಒಂದು ಶಿಕ್ಷಣ. ಅದು ಹೇಗೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಗರಡಿ ಎಂಬ ಪದದ ಹಳೆಯ ರೂಪ ‘ಗರುಡಿ’. ಆಯುಧವಿದ್ಯೆಯನ್ನೂ ಮಲ್ಲವಿದ್ಯೆಯನ್ನೂ ಕಲಿಸುವ ಶಾಲೆ ಎಂಬುದು ಅದರ ಅರ್ಥ. ಕಾಸರಗೋಡಿನವರೆಗೆ ಹಬ್ಬಿರುವ ತುಳುನಾಡಿನಲ್ಲಿ ಕೋಟಿ-ಚೆನ್ನಯರ ಆರಾಧನೆ ನಡೆಯುವ ತಾಣಗಳಿಗೆ ‘ಗರೋಡಿ’ ಎಂಬ ಹೆಸರೇ ಉಳಿದಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಗರಡಿಯನ್ನು ‘ತಾಲೀಮು’ ಎನ್ನುವವರೇ ಹೆಚ್ಚು. ಹೆಸರು ಯಾವುದಾದರೂ ಒಳಗಿನ ವ್ಯವಸ್ಥೆ ಒಂದೇ: ತಗ್ಗಾದ ಬಾಗಿಲು, ಗೋಡೆಯ ಗೂಡಿನಲ್ಲಿ ಹನುಮಂತ, ಮೂಲೆಯಲ್ಲಿ ಗದೆ ಮತ್ತು ಕಲ್ಲಿನ ಗುಂಡುಗಳು, ನಡುವೆ ಸೋಸಿದ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿಣ, ಲಿಂಬೆಯ ರಸ ಬೆರೆಸಿ ಹದಮಾಡುತ್ತಾರೆ. ಬಿದ್ದವನಿಗೆ ಪೆಟ್ಟಾಗದಂತೆ, ತರಚಿದ ಚರ್ಮ ಕೆರಳದಂತೆ ನೋಡಿಕೊಳ್ಳುವ ಉಪಾಯವದು. ಮಟ್ಟಿಯನ್ನು ದಿನವೂ ಸಲಿಕೆಯಿಂದ ಅಗೆದು ಸಡಿಲಗೊಳಿಸುವುದು ಹೊಸಬನ ಪಾಲಿನ ಕೆಲಸ. ಪಟ್ಟು ಕಲಿಯುವ ಮೊದಲು ಅವನು ಮಣ್ಣು ಅಗೆಯುವುದನ್ನು ಕಲಿಯುತ್ತಾನೆ.

ಈ ಶಿಕ್ಷಣಕ್ಕೆ ದೀರ್ಘವಾದ ಇತಿಹಾಸವಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಪ್ರಕರಣವೇ ಮೀಸಲಾಗಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಅಲ್ಲಿ ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಕನ್ನಡದ ‘ಜಟ್ಟಿ’ ಈ ಜ್ಯೇಷ್ಠ ಶಬ್ದದಿಂದಲೇ ಬಂದುದೆಂದು ಹೇಳುವುದುಂಟು. ಅಭ್ಯಾಸಕ್ರಮವನ್ನೂ ಗ್ರಂಥ ಹೆಸರಿಸುತ್ತದೆ: ಭಾರವೆತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬವನ್ನೇರುವ ಸ್ತಂಭಶ್ರಮ. ಇಂದಿನ ಜಿಮ್ಮಿನ ಗೋಡೆಗೆ ಅಂಟಿಸಿರುವ ವಾರದ ವೇಳಾಪಟ್ಟಿಯನ್ನು ಇದರೊಡನೆ ಹೋಲಿಸಿದರೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಸೋಮೇಶ್ವರನ ರಾಜಧಾನಿ ಕಲ್ಯಾಣ ಸೊಲ್ಲಾಪುರಕ್ಕೆ ದೂರವೇನಲ್ಲ. ಈ ಸೀಮೆಯ ತಾಲೀಮುಗಳಿಗೆ ಆ ಗ್ರಂಥ ನೆರೆಮನೆಯ ಹಿರಿಯರ ಮಾತಿನಂತಿದೆ.

ಗರಡಿಯ ಪದಕೋಶ ಇನ್ನೂ ಸ್ವಾರಸ್ಯಕರ. ತಾಲೀಮು, ಕಸರತ್ತು ಅರಬ್ಬಿ ಮೂಲದವು. ಕುಸ್ತಿ, ಪೈಲ್ವಾನ, ವಸ್ತಾದ ಪಾರಸಿಯಿಂದ ಬಂದವು. ಜಟ್ಟಿ, ಮಲ್ಲ, ಗದೆ ಸಂಸ್ಕೃತದ ಕಡೆಯವು. ಸಾಮು, ಬಸ್ಕಿ, ಪಟ್ಟು ಕನ್ನಡಿಗರ ಬಾಯಲ್ಲಿ ನೆಲೆನಿಂತವು. ಗಡಿಸೀಮೆಯಲ್ಲಿ ಇವುಗಳ ಜೊತೆಗೆ ಮರಾಠಿಯೂ ಬೆರೆಯುತ್ತದೆ. ಕನ್ನಡಿಗರ ‘ದಂಡ-ಬಸ್ಕಿ’ ಮರಾಠಿಗರಿಗೆ ‘ಜೋರ-ಬೈಠಕ’. ಕನ್ನಡದಲ್ಲಿ ತೊಡೆ ತಟ್ಟಿ ಸವಾಲು ಹಾಕಿದರೆ ಮರಾಠಿಯಲ್ಲಿ ‘ಶಡ್ಡೂ ಠೋಕ’ಬೇಕು. ಎಲ್ಲಕ್ಕಿಂತ ಸೊಗಸಾದುದು ಸೋಲಿನ ವರ್ಣನೆ. ಸೋತವನಿಗೆ ಕನ್ನಡ ‘ಮಣ್ಣು ಮುಕ್ಕಿಸು’ತ್ತದೆ, ಮರಾಠಿ ಅವನಿಗೆ ‘ಅಸ್ಮಾನ ದಾಖವ’ತ್ತದೆ, ಅಂದರೆ ಆಕಾಶ ತೋರಿಸುತ್ತದೆ. ಒಂದೇ ಮಟ್ಟಿಯಲ್ಲಿ ನಡೆದ ಒಂದೇ ಕುಸ್ತಿಯನ್ನು ಎರಡು ಭಾಷೆಗಳು ನೋಡುವ ರೀತಿ ಇದು: ಒಂದು ಬಿದ್ದವನ ಮೋರೆಯನ್ನು ಕಂಡಿತು, ಇನ್ನೊಂದು ಅಂಗಾತ ಬಿದ್ದವನ ಕಣ್ಣಿನೊಳಗಿನಿಂದ ಕಂಡಿತು. ಎರಡೂ ಭಾಷೆಗಳನ್ನು ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಮಾತ್ರ ಈ ಎರಡು ನೋಟಗಳೂ ಒಟ್ಟಿಗೆ ದಕ್ಕುತ್ತವೆ.

ಇನ್ನು ಸ್ಪರ್ಧೆಯ ವಿಚಾರ. ಗರಡಿಯಲ್ಲಿ ವರ್ಷವಿಡೀ ನಡೆಯುವುದು ಸಾಧನೆ. ಜಾತ್ರೆಯಲ್ಲಿ ನಡೆಯುವುದು ಅದರ ಪರೀಕ್ಷೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ಕುಸ್ತಿಯೂ ಭಾರ ಎತ್ತುವ ಸ್ಪರ್ಧೆಯೂ ಜರುಗುತ್ತವೆ. ಅದೇ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಅದು ಸ್ಪರ್ಧೆಯಲ್ಲ, ಸೇವೆ. ಆದರೂ ಆ ಎತ್ತರದ, ತೂಕದ ಕೋಲನ್ನು ವಾಲದಂತೆ ಹೊತ್ತು ನಡೆಯಲು ಹಬ್ಬಕ್ಕೆ ಬಹಳ ಮೊದಲೇ ಅಭ್ಯಾಸ ಆರಂಭವಾಗುತ್ತದೆ. ಊರೂರಿನ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಗುಂಡು ಎತ್ತುವುದು, ಉಸುಕಿನ ಚೀಲವನ್ನೋ ಜೋಳದ ಚೀಲವನ್ನೋ ಹೆಗಲಿಗೇರಿಸುವುದು ಮುಂತಾದವು ರೂಢಿಯಲ್ಲಿವೆ. ಇವೆಲ್ಲ ಒಕ್ಕಲುತನದ ಕೆಲಸಗಳೇ. ಕಣದಿಂದ ಚೀಲ ಹೊತ್ತು ಗಾಡಿಗೆ ಹಾಕುವವನ ನಿತ್ಯದ ದುಡಿಮೆ ಜಾತ್ರೆಯ ದಿನ ಗೌರವದ ಪಂದ್ಯವಾಗುತ್ತದೆ. ಇಂದಿನ ಜಿಮ್ಮುಗಳ ಸ್ಪರ್ಧೆಯಲ್ಲಿ ಕಬ್ಬಿಣದ ಸರಳು ಎತ್ತುವುದು, ನಿಗದಿತ ಸಮಯದಲ್ಲಿ ಎಷ್ಟು ದಂಡ ಹೊಡೆಯಬಲ್ಲರೆಂದು ಎಣಿಸುವುದು, ಹಗ್ಗ ಜಿಗಿಯುವುದು ಇರುತ್ತವೆ. ಉಪಕರಣ ಬದಲಾಗಿದೆ, ತತ್ತ್ವ ಬದಲಾಗಿಲ್ಲ.

ಗುಂಡು ಎತ್ತುವುದನ್ನು ಗಮನಿಸಿದರೆ ಈ ತತ್ತ್ವ ಸ್ಪಷ್ಟವಾಗುತ್ತದೆ. ನೋಡುವವರಿಗೆ ಅದು ತೋಳಿನ ಬಲವೆಂದು ತೋರುತ್ತದೆ. ಅನುಭವಿ ಜಟ್ಟಿ ಕಲ್ಲನ್ನು ಮೈಗೆ ಆತುಕೊಂಡು, ಬೆನ್ನನ್ನು ಬಿಲ್ಲಿನಂತೆ ಬಾಗಿಸದೆ, ತೊಡೆ ಮತ್ತು ಸೊಂಟದ ಬಲದಿಂದ ಮೇಲೇಳುತ್ತಾನೆ. ಕಲ್ಲು ಮೊದಲು ಮೊಣಕಾಲಿಗೆ, ಅಲ್ಲಿಂದ ತೊಡೆಗೆ, ಎದೆಗೆ, ಕೊನೆಗೆ ಹೆಗಲಿಗೆ ಏರುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದು ಉಸಿರು. ಭಾರ ಮೈಯಿಂದ ದೂರ ಸರಿದಷ್ಟೂ ಬೆನ್ನುಮೂಳೆಯ ಮೇಲಿನ ಒತ್ತಡ ಹೆಚ್ಚುವುದರಿಂದ ತೋಳನ್ನೇ ನಂಬಿದವನು ಬೇಗನೆ ಸೋಲುತ್ತಾನೆ, ಕೆಲವೊಮ್ಮೆ ಬೆನ್ನನ್ನೂ ಕಳೆದುಕೊಳ್ಳುತ್ತಾನೆ. ಮುಧೋಳದ ರನ್ನನ ‘ಗದಾಯುದ್ಧ’ವನ್ನು ಪಠ್ಯವಾಗಿ ಓದುವ ವಿದ್ಯಾರ್ಥಿ ಒಂದು ಮುಂಜಾನೆ ಗರಡಿಯ ಗದೆಯನ್ನು ಹೆಗಲ ಸುತ್ತ ಹತ್ತು ಸಲ ತಿರುಗಿಸಿ ನೋಡಬೇಕು. ಭೀಮ-ದುರ್ಯೋಧನರ ಕಾಳಗದಲ್ಲಿ ಹೆಜ್ಜೆಗೂ ಉಸಿರಿಗೂ ಎಷ್ಟು ಬೆಲೆಯಿದ್ದೀತೆಂಬುದು ಆಗ ಅವನ ಹೆಗಲಿಗೇ ತಿಳಿಯುತ್ತದೆ.

ಸ್ಪರ್ಧೆಗೆ ಹೆಸರು ಕೊಡುವವರು ಕೆಲವು ಮಾತುಗಳನ್ನು ನೆನಪಿಡಬೇಕು. ಕನಿಷ್ಠ ಆರರಿಂದ ಎಂಟು ವಾರಗಳ ಸಿದ್ಧತೆ ಬೇಕು. ಮೊದಲ ವಾರಗಳಲ್ಲಿ ಶಕ್ತಿ ಹೆಚ್ಚುವುದು ಸ್ನಾಯು ಬೆಳೆದುದರಿಂದಲ್ಲ. ಇರುವ ಸ್ನಾಯುಗಳನ್ನು ಒಟ್ಟಾಗಿ ದುಡಿಸುವುದನ್ನು ನರಮಂಡಲ ಕಲಿತುದರಿಂದ. ಅದನ್ನು ಅರಿಯದೆ ಅವಸರದಿಂದ ಭಾರ ಹೆಚ್ಚಿಸಿದರೆ ಕೀಲುಗಳು ನೋಯುತ್ತವೆ. ಸ್ಪರ್ಧೆಯ ದಿನ ಮೈ ಬೆಚ್ಚಗಾಗದೆ ಕಣಕ್ಕಿಳಿಯಬಾರದು. ತೂಕದ ವರ್ಗಕ್ಕಾಗಿ ಅನ್ನ ನೀರು ಬಿಟ್ಟು ಮೈ ಒಣಗಿಸುವುದು, ಯಾರೋ ಕೊಟ್ಟ ಪುಡಿ ಮತ್ತು ಚುಚ್ಚುಮದ್ದನ್ನು ನಂಬುವುದು ಅಪಾಯಕಾರಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಎದೆನೋವು ಇಲ್ಲವೆ ತಲೆಸುತ್ತು ಕಂಡಕೂಡಲೇ ನಿಲ್ಲಿಸಬೇಕು. ಅಲ್ಲಿ ಪಟ್ಟು ಹಿಡಿಯುವುದು ಶೌರ್ಯವಲ್ಲ.

ಕುಸ್ತಿಯ ಕಣದಲ್ಲಿ ಸೋಲು-ಗೆಲುವಿನ ಕಟ್ಟಳೆ ಬೇರೆ. ಚಾಪೆಯ ಮೇಲಿನ ಇಂದಿನ ಕುಸ್ತಿ ತಲಾ ಮೂರು ನಿಮಿಷಗಳ ಎರಡು ಸುತ್ತಿನದು, ಅಂಕಗಳಿಂದಲೂ ತೀರ್ಮಾನವಾಗುವಂಥದು. ಜಾತ್ರೆಯ ‘ನಿಕಾಲಿ ಕುಸ್ತಿ’ಯಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗಿದರಷ್ಟೇ ತೀರ್ಮಾನ. ಎಳೆಯ ಹುಡುಗರು ತೆಂಗಿನಕಾಯಿಗಾಗಿ, ರೇವಡಿಗಾಗಿ ಹಿಡಿಯುವ ಕುಸ್ತಿಗಳಿಂದ ಕಣ ಆರಂಭವಾಗಿ, ಬೆಳ್ಳಿಯ ಕಡಗದ ಕುಸ್ತಿಯವರೆಗೆ ಏರುತ್ತದೆ. ಕಡಗಕ್ಕೆ ಸೆಣಸುವವನೂ ಒಂದು ಕಾಲಕ್ಕೆ ತೆಂಗಿನಕಾಯಿಗೆ ಸೆಣಸಿದವನೇ. ಸೋತ ಹುಡುಗನ ಬೆನ್ನಿನ ಮಣ್ಣನ್ನು ಗೆದ್ದವನೇ ಒರೆಸುವ ದೃಶ್ಯವನ್ನು ಈ ಕಣಗಳಲ್ಲಿ ಕಾಣಬಹುದು.

ಊರು ತನ್ನ ಜಟ್ಟಿಯನ್ನು ಹೇಗೆ ಸಾಕುತ್ತದೆಂಬುದಕ್ಕೆ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ ಅವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ಅವರ ಬಳಿ ಹಣವಿರಲಿಲ್ಲ. ಊರವರು ಚಂದಾ ಎತ್ತಿದರು. ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟು ನೆರವಾದರು. ಖಾಶಾಬಾ ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವದು.

ಗರಡಿಯನ್ನು ಹೊಗಳುವಾಗ ಅದರ ಕೊರತೆಯನ್ನು ಮರೆಮಾಚಬಾರದು. ‘ಮಟ್ಟಿಗೆ ಇಳಿದವನಿಗೆ ಜಾತಿಯಿಲ್ಲ’ ಎಂಬುದು ಆದರ್ಶ. ಎಲ್ಲ ಊರುಗಳೂ ಅದನ್ನು ನಡೆಸಿದವೆಂದು ಹೇಳಲಾಗದು. ಹೆಣ್ಣುಮಕ್ಕಳಿಗಂತೂ ಅದರ ತಗ್ಗುಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಾಗ ಭಾರತದ ಮಹಿಳೆಯೊಬ್ಬರು ಕುಸ್ತಿಯಲ್ಲಿ ಒಲಿಂಪಿಕ್ ಪದಕ ಪಡೆದುದು ಅದೇ ಮೊದಲು. ಇಂದಿನ ಜಿಮ್ಮಿನ ಸ್ಪರ್ಧೆಗೆ ವಿದ್ಯಾರ್ಥಿನಿಯರು ಹೆಸರು ಕೊಡಬಲ್ಲರು. ಈ ವಿಷಯದಲ್ಲಿ ಹೊಸತು ಹಳತಿಗಿಂತ ಮೇಲು.

ಆದರೆ ಹೊಸತರ ಜೊತೆಗೆ ಒಂದು ನಷ್ಟವೂ ಬರುತ್ತಿದೆ. ತಾಲೀಮು ಮುಚ್ಚಿ ಜಿಮ್ಮು ತೆರೆದಾಗ ವ್ಯಾಯಾಮ ಉಳಿಯುತ್ತದೆ, ಪದಗಳು ಉಳಿಯುವುದಿಲ್ಲ. ಬಸ್ಕಿಯನ್ನು ‘ಸ್ಕ್ವಾಟ್’ ಎಂದು ಕರೆದಾಗ ಮೊಣಕಾಲಿಗೆ ವ್ಯತ್ಯಾಸ ತಿಳಿಯದು, ಭಾಷೆಗೆ ತಿಳಿಯುತ್ತದೆ. ಒಂದು ತಲೆಮಾರು ಕಳೆದರೆ ‘ಪಟ್ಟು ಹಿಡಿ’ ಎಂಬ ಮಾತು ಉಳಿದೀತು, ಎಲ್ಲಿ ಹಿಡಿಯುವುದು ಎಂದು ಕೇಳಿದರೆ ಉತ್ತರಿಸುವವರು ಇರಲಾರರು. ಕರ್ನಾಟಕದ ಹೊರಗಿರುವ ಕನ್ನಡಕ್ಕೆ ಈ ನಷ್ಟ ಇನ್ನಷ್ಟು ಭಾರವಾದುದು. ಇಲ್ಲಿ ಶಾಲೆ, ಕಚೇರಿಗಳಲ್ಲಿ ಕನ್ನಡದ ಬಳಕೆ ಮೊದಲೇ ಕಡಿಮೆ, ಅದು ಹೆಚ್ಚಾಗಿ ಉಳಿದಿರುವುದು ಮನೆ, ಹೊಲ, ಜಾತ್ರೆ, ಗರಡಿಗಳಲ್ಲಿ.

ಆದುದರಿಂದ ಮುಂದಿನ ಜಾತ್ರೆಗೆ ತಮ್ಮ ಊರಿನ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳು ಹೆಸರು ಕೊಡಲಿ; ಎತ್ತಲಾಗದವರು ಎಣಿಸುವವರಾಗಿಯಾದರೂ ನಿಲ್ಲಲಿ. ಸ್ಪರ್ಧೆ ಮುಗಿದ ಮೇಲೆ ಊರಿನ ಹಿರಿಯ ವಸ್ತಾದರ ಬಳಿ ಕುಳಿತು ಪ್ರತಿ ಪಟ್ಟಿನ ಹೆಸರನ್ನು ಕೇಳಿ ಬರೆದುಕೊಳ್ಳಲಿ: ಕನ್ನಡದಲ್ಲಿ ಏನೆನ್ನುತ್ತಾರೆ, ಮರಾಠಿಯಲ್ಲಿ ಏನೆನ್ನುತ್ತಾರೆ, ಕೈ ಎಲ್ಲಿರಬೇಕು, ಕಾಲು ಎಲ್ಲಿರಬೇಕು. ಒಂದು ಊರಿನಿಂದ ಇಪ್ಪತ್ತು ಪದಗಳು ದೊರೆತರೂ ವಿಭಾಗದ ಪದಸಂಗ್ರಹಕ್ಕೆ ಅದು ದೊಡ್ಡ ಗಳಿಕೆ. ಹೆಸರು ಹೇಳಿಕೊಟ್ಟ ವಸ್ತಾದರು ಕೊನೆಗೆ ‘ಬರೆದುಕೊಂಡದ್ದು ಸಾಕು, ಇನ್ನು ಮಟ್ಟಿಗೆ ಇಳಿ’ ಎಂದರೆ ಹಿಂಜರಿಯಬೇಕಾದುದಿಲ್ಲ. ಬಿದ್ದರೆ ಬೀಳುವುದು ಹದಮಾಡಿದ ಮಣ್ಣಿನ ಮೇಲೆಯೇ.