ಆಫೀಸ್ ಮುಗಿಸಿ ಡೋಲು ಕಟ್ಟುವವರು: ಮುಂಬೈನಲ್ಲಿ ಡೋಲ್-ತಾಶಾ ಪಥಕಗಳು ಬೆಳೆದದ್ದು ಹೇಗೆ?

ಮುಂಬೈ: ಗಣೇಶ ಚತುರ್ಥಿಗೆ ಇನ್ನೂ ಎರಡು ತಿಂಗಳಿರುವಾಗಲೇ ಮುಂಬೈ ಮತ್ತು ಉಪನಗರಗಳಲ್ಲಿ ಸಂಜೆ ಡೋಲಿನ ಸದ್ದು ಕೇಳಲಾರಂಭಿಸುತ್ತದೆ. ಬಾರಿಸುವವರು ವೃತ್ತಿಪರ ವಾದ್ಯಗಾರರಲ್ಲ. ಬ್ಯಾಂಕ್ ನೌಕರರು, ಎಂಜಿನಿಯರ್‌ಗಳು, ಕಾಲೇಜು ವಿದ್ಯಾರ್ಥಿಗಳು, ಗೃಹಿಣಿಯರು. ದಿನದ ಕೆಲಸ ಮುಗಿಸಿ, ಲೋಕಲ್ ರೈಲು ಹಿಡಿದು ಬಂದು ಸೊಂಟಕ್ಕೆ ಡೋಲು ಕಟ್ಟುತ್ತಾರೆ. ಸಂಬಳ ಇಲ್ಲ. ಇದೇ ಡೋಲ್-ತಾಶಾ ಪಥಕ. ಮರಾಠಿಯಲ್ಲಿ ಪಥಕ ಎಂದರೆ ದಳ.

ತಾಶಾ ಹೇಳಿದಂತೆ ಡೋಲು

ಪಥಕದಲ್ಲಿ ಡೋಲುಗಳ ಸಂಖ್ಯೆ ಹೆಚ್ಚು, ತಾಶಾಗಳ ಸಂಖ್ಯೆ ಕಡಿಮೆ. ಆದರೆ ಲಗಾಮು ಇರುವುದು ತಾಶಾ ಕೈಯಲ್ಲಿ. ಕುತ್ತಿಗೆಗೆ ತೂಗುಹಾಕಿ ಎರಡು ತೆಳು ಕಡ್ಡಿಗಳಿಂದ ಬಾರಿಸುವ ಈ ಪುಟ್ಟ ವಾದ್ಯ ಕರಾವಳಿಯವರಿಗೆ ಹೊಸತಲ್ಲ. ಹುಲಿವೇಷದ ಕುಣಿತಕ್ಕೆ ಬಾರಿಸುವ ತಾಸೆಯ ಬಂಧು. ತಾಶಾ ತಾಳ ಬದಲಿಸಿದರೆ ಡೋಲುಗಳೂ ಒಟ್ಟಾಗಿ ಬದಲಿಸಬೇಕು. ಜೊತೆಗೆ ಝಾಂಜ್ ಎಂಬ ದೊಡ್ಡ ತಾಳಗಳು, ಮುಂದೆ ಕೇಸರಿ ಧ್ವಜ ಹಿಡಿದವರ ಸಾಲು. ಹತ್ತಾರು ಜನರ ಪೆಟ್ಟು ಒಂದೇ ಪೆಟ್ಟಾಗಿ ಕೇಳಬೇಕು. ವಾರಗಟ್ಟಲೆ ಅಭ್ಯಾಸ ನಡೆಯುವುದು ಅದಕ್ಕಾಗಿಯೇ.

ಹುಟ್ಟಿದ್ದು ಪುಣೆಯಲ್ಲಿ

1893ರಲ್ಲಿ ಲೋಕಮಾನ್ಯ ತಿಲಕರ ಕರೆಯಿಂದ ಸಾರ್ವಜನಿಕ ಗಣೇಶೋತ್ಸವಕ್ಕೆ ಬಲ ಬಂತು. ಮುಂಬೈನ ಗಿರ್‌ಗಾಂವ್‌ನಲ್ಲಿರುವ ಕೇಶವಜಿ ನಾಯಕ್ ಚಾಳದ ಉತ್ಸವವೂ ಅದೇ ವರ್ಷದ್ದು. ಆದರೆ ನಗರದ ವಿದ್ಯಾವಂತರು ತಾವೇ ಡೋಲು ಬಾರಿಸುವ ರೂಢಿ ಬಂದದ್ದು ಬಹಳ ತಡವಾಗಿ. ಪುಣೆಯ ಮೆರವಣಿಗೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಡೋಲು-ಲೇಝಿಮ್ ತಂಡಗಳು ಬರುತ್ತಿದ್ದವು. 1962ರಲ್ಲಿ ಅಪ್ಪಾ ಪೆಂಡ್ಸೆ ಸ್ಥಾಪಿಸಿದ ಜ್ಞಾನ ಪ್ರಬೋಧಿನಿ ಮತ್ತು ರಮಣಬಾಗ್‌ನಂತಹ ಶಾಲೆಗಳು ಆ ವಾದ್ಯವನ್ನು ಮಕ್ಕಳ ಕೈಗೆ ಕೊಟ್ಟು, ಶಿಸ್ತಿನ ತಂಡಗಳನ್ನು ಕಟ್ಟಿದವು. ಶಾಲೆ ಬಿಟ್ಟ ಮೇಲೂ ಹಲವರಿಗೆ ಡೋಲು ಬಿಡಲಾಗಲಿಲ್ಲ. ಹಳೆಯ ವಿದ್ಯಾರ್ಥಿಗಳು ಸೇರಿ ದೊಡ್ಡವರ ಪಥಕಗಳನ್ನು ಶುರು ಮಾಡಿದರು. ಹಳ್ಳಿಯ ನಂಟು ಇಂದಿಗೂ ಉಳಿದಿದೆ: ಪಥಕಗಳು ಬಾರಿಸುವ ಒಂದು ತಾಳದ ಹೆಸರೇ 'ಗಾವಠಿ', ಅಂದರೆ ಹಳ್ಳಿಯದು.

ಅಮೆರಿಕದ ಡ್ರಮ್ ಆಂಡ್ ಬ್ಯೂಗಲ್ ಕೋರ್‌ಗಳ ಕಥೆಯೂ ಇದನ್ನು ಹೋಲುತ್ತದೆ. ಅಲ್ಲಿನ ಯುವ ತಂಡಗಳಲ್ಲಿ 22 ವರ್ಷಕ್ಕೆ ವಯೋಮಿತಿ ಮುಗಿಯುತ್ತದೆ. ಅದನ್ನು ದಾಟಿದವರಿಗೂ ಅವಕಾಶವಿರುವ ತಂಡಗಳು 1960ರ ದಶಕದಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡವು.

ಮುಂಬೈಗೆ ಬಂದ ದಾರಿ

ಮುಂಬೈನ ಮೆರವಣಿಗೆಗಳಲ್ಲಿ ಮೊದಲು ಮೆರೆದದ್ದು ಬ್ರಾಸ್ ಬ್ಯಾಂಡ್, ಬ್ಯಾಂಜೋ ಪಾರ್ಟಿ ಮತ್ತು ಕರ್ನಾಟಕದಲ್ಲೂ ಮನೆಮಾತಾಗಿರುವ ನಾಸಿಕ್ ಡೋಲು. ಇವರಲ್ಲಿ ಅನೇಕರಿಗೆ ಇದು ಹೊಟ್ಟೆಪಾಡು. ಪುಣೆ ಮಾದರಿಯ ಪಥಕಗಳಿಗೆ ಇಲ್ಲಿ ನೆಲೆ ಒದಗಿಸಿದ್ದರಲ್ಲಿ ಯುಗಾದಿಯ ಪಾತ್ರ ದೊಡ್ಡದು. 1999ರಲ್ಲಿ ಡೊಂಬಿವಲಿಯಲ್ಲಿ ಗುಡಿ ಪಾಡ್ವದ ಹೊಸವರ್ಷ ಸ್ವಾಗತ ಯಾತ್ರೆ ಶುರುವಾಯಿತು. ಬಳಿಕ ಠಾಣೆ, ಗಿರ್‌ಗಾಂವ್ ಮುಂತಾದೆಡೆ ಇಂಥ ಶೋಭಾಯಾತ್ರೆಗಳು ಹಬ್ಬಿದವು. ಗಿರ್‌ಗಾಂವ್ ಧ್ವಜ ಪಥಕದಂತಹ ತಂಡಗಳು ಹೆಸರು ಮಾಡಿದವು. ನೌವಾರಿ ಸೀರೆಯುಟ್ಟು ಡೋಲು ಬಾರಿಸುವ ಮಹಿಳೆಯರು ಈ ಯಾತ್ರೆಗಳ ಗುರುತೇ ಆದರು.

ಗಣಪತಿಯ 'ಆಗಮನ' ಮೆರವಣಿಗೆಗಳೂ ಬೇಡಿಕೆ ಹೆಚ್ಚಿಸಿದವು. 1920ರಲ್ಲಿ ಶುರುವಾದ ಚಿಂಚ್‌ಪೋಕ್ಲಿ ಮಂಡಳಿಯ 'ಚಿಂತಾಮಣಿ' ಮೂರ್ತಿ ಬರುವ ದಿನ ಲಾಲ್‌ಬಾಗ್-ಪರೇಲ್ ರಸ್ತೆಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮಂಡಳಿಗಳು ಕೊಡುವ ಹಣ, ಅಂದರೆ 'ಸುಪಾರಿ', ಸಾಮಾನ್ಯವಾಗಿ ಡೋಲಿನ ದುರಸ್ತಿ, ಟೆಂಪೊ ಬಾಡಿಗೆ, ಸಮಾಜಸೇವೆಗೆ ಹೋಗುತ್ತದೆ.

ಸದ್ದಿಗೆ ಮಿತಿ ಎಷ್ಟು?

ಪಥಕಗಳು ಬೆಳೆದಂತೆ ದೂರುಗಳೂ ಬೆಳೆದವು. ಅಭ್ಯಾಸದ ಮೈದಾನದ ಪಕ್ಕದಲ್ಲೇ ಪರೀಕ್ಷೆಗೆ ಓದುವ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಇರುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ವಾದ್ಯ ಬಾರಿಸುವಂತಿಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು.

2024ರ ಆಗಸ್ಟ್‌ನಲ್ಲಿ ಪುಣೆಯ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಒಂದು ತಂಡದಲ್ಲಿ 30ಕ್ಕಿಂತ ಹೆಚ್ಚು ಜನ ಇರಬಾರದು ಎಂದಿತು. ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ಆ ಮಿತಿಗೆ ತಡೆ ನೀಡಿತು.

ತಡೆ ಬಂದದ್ದು ಸಂಖ್ಯೆಯ ಮಿತಿಗೆ. ಡೆಸಿಬಲ್ ಮಿತಿ, ರಾತ್ರಿ 10ರ ನಿಯಮ ಹಾಗೇ ಇವೆ. ಮುಂಬೈನಂತಹ ಇಕ್ಕಟ್ಟಿನ ನಗರದಲ್ಲಿ ಪಥಕಗಳಿಗೆ ಅಭ್ಯಾಸದ ಜಾಗ ಸಿಗುವುದು ಅಕ್ಕಪಕ್ಕದವರ ಸಹನೆಯಿಂದ. ಎಲ್ಲರೂ ಒಟ್ಟಿಗೆ ಪೆಟ್ಟು ಹಾಕುವುದನ್ನು ಕಲಿತಷ್ಟೇ ಶ್ರದ್ಧೆಯಿಂದ, ಗಡಿಯಾರ ನೋಡಿ ಒಟ್ಟಿಗೆ ನಿಲ್ಲಿಸುವುದನ್ನೂ ಕಲಿತರೆ ಆ ಸಹನೆ ಉಳಿಯುತ್ತದೆ.